ಕಸ್ತೂರೆವ್ವನಿಗೆ ಹೇಳದ ಮಾತು

೧೯೯೯ರ ಬೇಸಿಗೆಯಲ್ಲಿ ಗಲಗಲಿಯ ಈರಪ್ಪ ತನ್ನ ವಿಧವೆ ಸೊಸೆ ಕಸ್ತೂರೆವ್ವನನ್ನು ಜಮಖಂಡಿಗೆ ಕರೆತಂದ. ಎರಡು ತಿಂಗಳಿಂದ ಜ್ವರ, ಭೇದಿ. ಲಾರಿ ಓಡಿಸುತ್ತಿದ್ದ ಗಂಡ ಹಿಂದಿನ ವರ್ಷ ಹೀಗೇ ಸೊರಗಿ ಸತ್ತಿದ್ದ. ಡಾಕ್ಟರ್ ಪ್ರತಿಮಾ ಅಲ್ಲಿ ದವಾಖಾನೆ ತೆರೆದು ಎರಡು ವರ್ಷವಾಗಿತ್ತು. ಅವಳು ರಕ್ತವನ್ನು ಪರೀಕ್ಷೆಗೆ ಬೆಳಗಾವಿಗೆ ಕಳಿಸಿದಳು.

ರಿಪೋರ್ಟ್ ಬಂದ ದಿನ ಕಸ್ತೂರೆವ್ವ ಹೊರಗೆ ಬೆಂಚಿನ ಮೇಲೆ ಮಲಗಿದ್ದಳು. ಒಳಗೆ ಬಂದು ಕೂತವನು ಈರಪ್ಪ.

"ಏನ್ ಬ್ಯಾನಿ ಐತ್ರಿ ಬಾಯಾರ ಆಕಿಗೆ?"

ಮನೆಯ ಹಿರಿಯರಿಗೆ ಹೇಳುವುದೇ ಆಗಿನ ರೂಢಿ. ಎಚ್‌ಐವಿ ಎಂದು ಪ್ರತಿಮಾ ಹೇಳಿಬಿಟ್ಟಳು.

"ಮುಟ್ಟಿದ್ರ ಹತ್ತತೈತೇನ್ರಿ?"

"ಇಲ್ಲರಿ. ಜೋಡಿ ಕುಂತು ಉಂಡ್ರೂ ಹತ್ತೂದಿಲ್ಲ."

ಈರಪ್ಪ ತಲೆಯಾಡಿಸಿದ. ಆಮೇಲೆ ಮೂರು ವಾರ ಇಬ್ಬರೂ ಬರಲಿಲ್ಲ. ಒಂದು ರವಿವಾರ ಪ್ರತಿಮಾ ತಾನೇ ಬಸ್ಸು ಹತ್ತಿ ಗಲಗಲಿಗೆ ಹೋದಳು.

ಕಸ್ತೂರೆವ್ವ ಹೊಳೆದಂಡೆಯ ಹೊಲದಲ್ಲಿ, ನೀರೆತ್ತುವ ಮೋಟಾರಿನ ಖೋಲಿಯೊಳಗೆ ಬಿದ್ದಿದ್ದಳು. ಬಾಗಿಲ ಹೊರಗಿಟ್ಟ ತಾಟಿನಲ್ಲಿ ರೊಟ್ಟಿ ಒಣಗಿತ್ತು. ತೆವಳಿ ಬಂದು ತೆಗೆದುಕೊಳ್ಳುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

"ಊರಿಗೆಲ್ಲಾ ಗೊತ್ತಾದ ಮ್ಯಾಲ ನನಗ ಗೊತ್ತಾತರಿ," ಎಂದಳು. "ನೀರಿಗೆ ಹೋದ್ರ ಹೆಣ್ಮಕ್ಕಳು ಕೊಡ ಎತ್ಕೊಂಡು ಸರದ ನಿಂತ್ರು. ನನ್ನ ರಗತರಿ ಬಾಯಾರ ಅದು. ನನಗ ಮೊದಲ ಹೇಳಬೇಕಾಗಿತ್ತಿಲ್ರಿ?"

ಪ್ರತಿಮಾ ಆಟೋ ತರಿಸಿ ಅವಳನ್ನು ತನ್ನ ದವಾಖಾನೆಗೆ ಕರೆದೊಯ್ದಳು. ಆ ರೋಗಕ್ಕೆ ಗುಳಿಗೆಗಳಿವೆಯೆಂದು ಓದಿ ಗೊತ್ತಿತ್ತು, ಆದರೆ ಈ ಭಾಗದಲ್ಲಿ ಅವು ಯಾರ ಕೈಗೂ ಎಟುಕುತ್ತಿರಲಿಲ್ಲ. ಹತ್ತೊಂಬತ್ತನೆಯ ದಿನ ಕಸ್ತೂರೆವ್ವ ತೀರಿಕೊಂಡಳು. ಮಣ್ಣು ಮಾಡುವ ಹೊತ್ತಿಗೆ ಈರಪ್ಪ ಬಂದ. ದೂರದ ಬೇವಿನ ಮರದ ಕೆಳಗೆ ನಿಂತು ಅತ್ತ, ಹತ್ತಿರ ಬರಲಿಲ್ಲ.

ಮರುವರ್ಷ ಪ್ರತಿಮಾ ಈ ರೋಗದ ಚಿಕಿತ್ಸೆಯನ್ನೇ ಕಲಿಯಲು ಚೆನ್ನೈಗೆ ಹೋಗಿ ಬಂದಳು. ಅಂಥ ರೋಗಿಗಳು ಬರತೊಡಗಿದಂತೆ, ಮಕ್ಕಳ ನೆಗಡಿ-ಕೆಮ್ಮಿಗೆ ಬರುತ್ತಿದ್ದ ತಾಯಂದಿರು ಬರುವುದನ್ನು ಬಿಟ್ಟರು. ದವಾಖಾನೆ ಮುಚ್ಚಿತು. ಸರಕಾರ ಗುಳಿಗೆಗಳನ್ನು ಪುಕ್ಕಟೆ ಕೊಡಲು ಶುರುಮಾಡಿದ ಮೇಲೆ ಸರಕಾರಿ ದವಾಖಾನೆಯೊಳಗಿನ ಚಿಕಿತ್ಸಾ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಷ್ಟರಲ್ಲಿ ಅವಳ ಕಣ್ಣೆದುರೇ ನೂರಕ್ಕೂ ಹೆಚ್ಚು ಜನ ಸತ್ತಿದ್ದರು.

೨೦೧೧ರಲ್ಲಿ ಮುಧೋಳದ ವ್ಯಾಪಾರಿ ಹೊಳಬಸಪ್ಪ ಜ್ವರ ಬಿಡದ ತನ್ನ ಸೊಸೆ ಗಂಗಾಂಬಿಕಾಳನ್ನು ಆ ದವಾಖಾನೆಗೆ ಕರೆತಂದ. ರಕ್ತ ಪರೀಕ್ಷಿಸಿದ ಮೇಲೆ ಪ್ರತಿಮಾ ಅವನನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, ಎಚ್‌ಐವಿ ಇದೆಯೆಂದು ಸೊಸೆಗೆ ಹೇಳಿದಳು. ಬಾಗಿಲು ತೆರೆದಾಗ ಹೊಳಬಸಪ್ಪ ಎದ್ದು ನಿಂತ.

"ಮನಿ ಹಿರ್ಯಾ ನಾನು. ನನಗ ಹೇಳ್ರಿ."

"ಆಕಿಗೆ ಹೇಳೇನ್ರಿ. ನಿಮಗ ಹೇಳೂದು, ಬಿಡೂದು ಆಕಿ ಕೈಯಾಗ ಐತಿ."

ಅವನು ಸೊಸೆಯನ್ನು ಕರೆದುಕೊಂಡು ಹೋದ. ಎರಡು ತಿಂಗಳು ಅವಳ ಸುಳಿವಿಲ್ಲ. ಹುಡುಕಿಕೊಂಡು ಮನೆಗೆ ಹೋದರೆ ಗುಟ್ಟು ರಟ್ಟಾಗುತ್ತದೆ. ಹೋಗದಿದ್ದರೆ ರೋಗ ಬಲಿಯುತ್ತದೆ. ಪ್ರತಿಮಾ ಹೋಗಲಿಲ್ಲ.

ಮೂರನೆಯ ತಿಂಗಳು ಗಂಗಾಂಬಿಕಾ ಬೀಳಗಿಯ ತವರಿನಿಂದ ಒಬ್ಬಳೇ ಬಸ್ಸಿನಲ್ಲಿ ಬಂದಳು. ಕೆನ್ನೆಯೆಲುಬು ಎದ್ದು ಕಾಣುತ್ತಿತ್ತು.

"ಮಾವಗ ಹೇಳಿಲ್ರಿ. ನಮ್ಮವ್ವಗೂ ಹೇಳಿಲ್ಲ," ಎಂದಳು. "ಗುಳಗಿ ಶುರು ಮಾಡ್ರಿ. ಆದ್ರ ಡಬ್ಬಿ ಮ್ಯಾಲಿನ ಚೀಟಿ ಬ್ಯಾಡ್ರಿ."

ಪ್ರತಿಮಾ ಮೊದಲ ತಿಂಗಳ ಡಬ್ಬಿ ತೆಗೆದಳು. ಚೀಟಿಯನ್ನು ಉಗುರಿನಿಂದ ಕೆರೆದು ಕೀಳುತ್ತ, ಯಾವ ಹೊತ್ತಿಗೆ ನುಂಗಬೇಕೆಂದು ಎರಡೆರಡು ಸಲ ಹೇಳಿದಳು.