ಜಗಲಿ ಹತ್ತಿದ ಬಸವಮ್ಮ

ಮಹಾರಾಜರು ಮೈಸೂರು ಆಳುತ್ತಿದ್ದ ಕಾಲ. ಹುಣಸೂರಿಂದ ಗಾವಡಗೆರೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಆ ಊರಲ್ಲಿ ಬಸವಮ್ಮ ಬಂದಳೆಂದರೆ ಗಂಡಸರು ಸ್ವಲ್ಪ ಹುಷಾರಾಗಿಯೇ ಮಾತಾಡುತ್ತಿದ್ದರು. ಹೆಂಡತಿಗೆ ಹೊಡೆದವನ ಮನೆ ಬಾಗಿಲಲ್ಲಿ ಹೋಗಿ ನಿಲ್ಲುವವಳು ಅವಳೇ. ಹೆಣ್ಣುಮಕ್ಕಳನ್ನು ಸ್ಕೂಲಿಗೆ ಕಳಿಸಿ ಅಂತ ಬೀದಿ ಬೀದಿ ತಿರುಗಿದವಳೂ ಅವಳೇ. ಇದನ್ನೆಲ್ಲ ಕೇಳಿ ತಾಲ್ಲೂಕಿನ ಅಧಿಕಾರಿ ಅಮಲ್ದಾರರು ಅವಳನ್ನು ಊರ ಪಂಚಾಯ್ತಿಗೆ ಮೆಂಬರ್ ಮಾಡಿದ್ದರು.

ಆದರೆ ನೋಡಿ, ಇಂಥ ಗಟ್ಟಿಗಿತ್ತಿ ಒಂದು ದಿನವೂ ಸಭೆಗೆ ಹೋಗಿರಲಿಲ್ಲ! ಸಭೆ ನಡೆಯುವುದು ಚಾವಡಿಯ ಜಗಲಿ ಮೇಲೆ. ಹೆಂಗಸರು ಆ ಜಗಲಿ ಹತ್ತುವ ವಾಡಿಕೆ ಇರಲಿಲ್ಲ. ಏನಾದರೂ ಹೇಳುವುದಿದ್ದರೆ ಕೆಳಗೆ ಅಂಗಳದಲ್ಲಿ ಸೆರಗು ಹೊದ್ದು ನಿಂತು ಹೇಳಬೇಕು. ಹಾಗಾಗಿ ಅವಳ ಬದಲು ಗಂಡ ದಾಸಯ್ಯ ಹೋಗಿ ಕೂತು ಬರುತ್ತಿದ್ದ. ಪಾಪ, ಒಳ್ಳೆಯ ಮನುಷ್ಯ. ಬಾಯಿ ಮಾತ್ರ ಇಲ್ಲ.

ಅವತ್ತೂ ದಾಸಯ್ಯ ಚಾವಡಿಯಿಂದ ಬಂದವನೇ ಕಾಲು ತೊಳೆಯತೊಡಗಿದ.

“ಏನಾಯ್ತು? ಕೋಣೆ ಕೇಳುದ್ರಾ?” ಅಂದಳು ಬಸವಮ್ಮ.

ಚಾವಡಿ ಪಕ್ಕದಲ್ಲಿ ಒಂದು ಖಾಲಿ ಕೋಣೆ ಇತ್ತು. ಊರವರು ಅದನ್ನು ಹೆರಿಗೆಗೆ ಬಿಟ್ಟುಕೊಟ್ಟರೆ ತಾನು ಬಂದು ಅಲ್ಲೇ ಇರುತ್ತೇನೆ ಅಂತ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಸುಂದ್ರಮ್ಮ ಮಾತು ಕೊಟ್ಟಿದ್ದಳು.

“ಕೇಳ್ದೆ ಕಣಮ್ಮಿ.”

“ಏನಂತ ಕೇಳುದ್ರಿ?”

“ನೆಂಟ್ರು ಬಂದ್ರೆ ಉಳ್ಕೊಳ್ಳಾಕೆ ಬೇಕು ಅಂದೆ. ನೆಂಟ್ರು ಚಾವಡೀಲೇ ಮಲಗ್ಲಿ ಬುಡು ಅಂದ್ಬುಟ್ರು.”

“ಅಯ್ಯೋ ನನ್ನ ಕರ್ಮವೇ! ಎರಿಗೆಗೆ ಅನ್ನಬಾರ್ದಾ?”

ದಾಸಯ್ಯ ನಾಚಿ ತಲೆ ತಗ್ಗಿಸಿದ. “ಅಷ್ಟು ಗಂಡಸ್ರ ಮುಂದೆ ಅದ್ನ ಎಂಗೆ ಬಾಯ್ಬುಟ್ಟು ಏಳ್ಲಿ? ಓದ್ಸಲ ‘ಎಂಗಸ್ರ ಇಸ್ಯ’ ಅಂದುದ್ಕೇ ಎಲ್ಲಾ ನಕ್ಕುಬುಟ್ರು. ಈಗ ಚೇರ್ಮನ್ ಮರಿಯಯ್ಯ ಆ ಕೋಣೆಗೆ ಒಗೆಸೊಪ್ಪು ತುಂಬ್ತೀನಿ ಅಂತವ್ನೆ. ಬರೋ ಸಭೇಲಿ ತೀರ್ಮಾನ.”

ನಿಮಗೆ ನಗು ಬರಬಹುದು. ಆ ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ಒಳಗೆ ಸೊಸೆ ಮರಮ್ಮ ತುಂಬು ಬಸುರಿ. ಮೊದಲ ಹೆರಿಗೆಗೆ ಹುಣಸೂರಿಗೆ ಗಾಡಿ ಕಟ್ಟಿ ಹೊರಟಾಗ ಲಕ್ಷ್ಮಣತೀರ್ಥ ಹೊಳೆ ತುಂಬಿ ಹರಿಯುತ್ತಿತ್ತು. ದಡದಲ್ಲೇ ಕೂಸು ಹೋಯಿತು. ಮರಮ್ಮ ಉಳಿದಿದ್ದೇ ಹೆಚ್ಚು.

ಮಾರನೇ ದಿನ ಸುಂದ್ರಮ್ಮ ಬಂದು ಮರಮ್ಮನನ್ನು ನೋಡಿದಳು. “ಬಸವಮ್ಮೋರೆ, ಈ ಸಲವೂ ಗಾಡಿ ನಂಬಿಕೊಂಡು ಕೂತರೆ ನಾನೇನೂ ಹೇಳಲಾರೆ. ನೋವು ಶುರುವಾದಾಗಿನಿಂದ ಇವಳ ಪಕ್ಕದಲ್ಲಿ ತಿಳಿದವರು ಇರಬೇಕು. ಕೋಣೆ ಸಿಗದಿದ್ದರೆ ನನ್ನನ್ನು ಬೇರೆ ಊರಿಗೆ ಹಾಕುತ್ತಾರೆ.”

“ನಮ್ಮೆಜಮಾನ್ರಿಗೆ ಬಾಯೇ ಬರಕಿಲ್ಲ ಕಣ್ರವ್ವ. ಏನ್ ಮಾಡ್ಲಿ?”

“ಅಮಲ್ದಾರರು ಮೆಂಬರ್ ಮಾಡಿದ್ದು ಅವರನ್ನೋ, ನಿಮ್ಮನ್ನೋ?”

“ನನ್ನೇಯ. ಆದ್ರೂ ಜಗಲಿ ಅತ್ತಾದು ಅಂದ್ರೆ… ನಾಳೀಕೆ ಸೊಸೆಗೆ ಎಚ್ಚುಕಮ್ಮಿ ಆದ್ರೆ, ಅತ್ತೆ ಕಟ್ಟುಪಾಡು ಮೀರಿದ್ಕೇ ಇಂಗಾಯ್ತು ಅಂತಾರೆ.”

“ನೀವು ಹೋಗದೇನೇ ಹೆಚ್ಚುಕಮ್ಮಿ ಆದರೆ?”

ಆಗ ಮರಮ್ಮ ಮೆಲ್ಲಗೆ ಅತ್ತೆಯ ಕೈ ಹಿಡಿದುಕೊಂಡಳು.

“ಅತ್ತೆಮ್ಮ, ನಂಗೆ ಬದುಕ್ಬೇಕು ಅಂತ ಆಸೆ ಅದೆ. ಓಗಿ.”

ಬಸವಮ್ಮ ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, “ಓಯ್ತೀನಿ ಕಣವ್ವ” ಅಂದಳು.

ಸಭೆಯ ದಿನ ಬಂತು. ದಾಸಯ್ಯ ಆಗಲೇ ಜಗಲಿ ಮೇಲೆ ಕೂತಿದ್ದ. ಚಾವಡಿವರೆಗೆ ಸರಸರ ನಡೆದು ಬಂದ ಬಸವಮ್ಮನ ಕಾಲು ಅಂಗಳದಲ್ಲಿ ತಾನಾಗಿಯೇ ನಿಂತುಬಿಟ್ಟಿತು. ಅಭ್ಯಾಸ ನೋಡಿ!

“ಅಲ್ಲೇ ನಿಂತು ಏಳವ್ವ. ನಿನ್ನ ಬದ್ಲು ದಾಸಯ್ಯ ಕೂತವ್ನಲ್ಲ” ಅಂದ ಮರಿಯಯ್ಯ.

ಆಗ ದಾಸಯ್ಯ ಎದ್ದು ನಿಂತ. “ಇದು ಅವಳ ಜಾಗ ಕಣ್ರಣ್ಣ. ನನ್ ಕೈಲಿ ಆಗಾಕಿಲ್ಲ. ಬಾ ಕಣಮ್ಮಿ, ಕೂತ್ಕೊ” ಅಂದವನೇ ಜಗಲಿಯಿಳಿದು ಅಂಗಳಕ್ಕೆ ಬಂದ.

ಬಸವಮ್ಮ ಜಗಲಿ ಹತ್ತಿದಳು. ಚಾಪೆ ಮೇಲೆ ಕೂತಳು. ಯಾರೋ ಗೊಣಗಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

“ಆ ಕೋಣೆ ಎರಿಗೆಗೆ ಬೇಕು. ಅದ್ಯಾಕೆ ಎಲ್ರೂ ನೆಲ ನೋಡ್ತೀರಿ? ಇಲ್ಲಿ ಕೂತಿರೋರೆಲ್ಲ ಉಟ್ಟಿದ್ದು ಅಂಗೇ ಅಲ್ವಾ?” ಅಂದಳು. ಆಮೇಲೆ ದನಿ ತಗ್ಗಿಸಿ ಮರಿಯಯ್ಯನ ಕಡೆ ತಿರುಗಿದಳು. “ಅಣ್ಣ, ನಿಮ್ಮ ಮಗಳು ಚಿಕ್ಕಬೀರಮ್ಮ ಎರಿಗೆಗೆ ಓಗ್ತಾ ಗಾಡೀಲಿ ನನ್ ತೊಡೆ ಮೇಲೆ ಕಣ್ಮುಚ್ಚಿದ್ಳು. ಅಪ್ಪ ಎಲ್ಲಿ, ಅಪ್ಪ ಎಲ್ಲಿ ಅಂತಿದ್ಳು. ಗಂಡಸ್ರು ಅತ್ರ ಬರಬಾರ್ದು ಅಂತ ನೀವು ಗಾಡಿ ಹಿಂದೆ ದೂರದಲ್ಲಿ ನಡೀತಿದ್ರಿ. ಈ ಮಾತ್ನ ನಿಮ್ಗೆ ಏಳಾಕೆ ನಂಗೆ ಇವತ್ತಿನವರ್ಗೂ ಧೈರ್ಯ ಬಂದಿರ್ನಿಲ್ಲ.”

ಮರಿಯಯ್ಯ ಟವಲು ಮುಖಕ್ಕೆ ಹಿಡಿದುಕೊಂಡ. ಆಮೇಲೆ ಸೊಂಟದಿಂದ ಬೀಗದಕೈ ಬಿಚ್ಚಿ ಬಸವಮ್ಮನ ಮುಂದಿಟ್ಟ. “ಒಗೆಸೊಪ್ಪು ನಮ್ಮಟ್ಟೀಲೇ ಬಿದ್ದಿರ್ಲಿ. ತಕ್ಕೊಳ್ಳವ್ವ” ಅಂದ. ಬೇರೆ ಮೆಂಬರುಗಳೂ ಆಗಲಿ ಅಂದರು.

ಬಸವಮ್ಮ ಅವತ್ತೇ ಆ ಕೋಣೆಗೆ ಸುಣ್ಣ ಬಳಿಸಿದಳು. ಸುಂದ್ರಮ್ಮ ಬಂದು ಇಳಿದಳು. ಮರಮ್ಮನಿಗೆ ನೋವು ಬಂದಾಗ ಗಾಡಿ ಕಟ್ಟಲಿಲ್ಲ, ಹೊಳೆ ದಾಟಲಿಲ್ಲ. ಕಷ್ಟದ ಹೆರಿಗೆಯೇ. ಆದರೂ ಬೆಳಿಗ್ಗೆ ಕೂಸು ಅತ್ತಿತು.

ಸುದ್ದಿ ಕೇಳಿ ಮೊದಲು ಓಡಿ ಬಂದವನು ಮರಿಯಯ್ಯ. ಗಂಡೋ ಹೆಣ್ಣೋ ಅಂತ ಅವನು ಕೇಳಲಿಲ್ಲ. ಬಾಗಿಲ ಹೊರಗೆ ನಿಂತು, “ತಾಯಿ ಉಳುದ್ಳಾ?” ಅಂದ.

“ಉಳುದ್ಳು ಕಣಣ್ಣ” ಅಂದಳು ಬಸವಮ್ಮ.

ಅವನು ಹೊಸ್ತಿಲ ಪಕ್ಕದಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತ.

ಅಕ್ಕಂದಿರೇ, ಅವತ್ತಿನ ಜಗಲಿ ಇವತ್ತು ಕುರ್ಚಿ ಆಗಿದೆ, ಅಷ್ಟೇ. ಪಂಚಾಯ್ತಿ ಮೆಂಬರ್ ನೀವಾದರೆ ಆ ಕುರ್ಚಿಯಲ್ಲಿ ನೀವೇ ಕೂತುಕೊಳ್ಳಿ. ನಿಮ್ಮ ನೋವನ್ನು ನಿಮ್ಮ ಬಾಯಲ್ಲೇ ಹೇಳಿ. ಅಣ್ಣಂದಿರೇ, ಹೆಂಡತಿಯ ಜೊತೆ ಸಭೆವರೆಗೂ ಹೋಗಿ, ಬೇಡ ಅನ್ನುವವರಿಲ್ಲ. ಅವಳ ಜಾಗದಲ್ಲಿ ಮಾತ್ರ ಕೂರಬೇಡಿ. ಮುಂದಿನ ಸಭೆ ಯಾವತ್ತು ಅಂತ ಇವತ್ತೇ ವಿಚಾರಿಸಿ. ನೀವು ಬಾಯಿ ಬಿಡುವುದನ್ನೇ ಯಾವಳೋ ಒಬ್ಬ ಮರಮ್ಮ ಕಾಯುತ್ತಿದ್ದಾಳೆ.