ಎರಡು ಏಟು, ಒಂದು ರೈಟ್

ಅಂದು ಬೆಳಿಗ್ಗೆಯೂ ಮರುಳಸಿದ್ದಯ್ಯನವರು ಬಾಗಿಲಿನಿಂದ ಅಡ್ಡಲಾಗಿಯೇ ಹೊರಗೆ ಬಂದರು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಮೋಟಾರಿನಲ್ಲಿ ಹನ್ನೊಂದು ವರ್ಷ ಕಂಡಕ್ಟರಾಗಿ, ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಕಾಲು ಗಾಳಿಯಲ್ಲಿ ಇಟ್ಟುಕೊಂಡು ನಿಂತವರಿಗೆ ನೆಟ್ಟಗೆ ನಡೆಯುವುದೇ ಮರೆತುಹೋಗಿತ್ತು. ಮದುವೆಯ ಚಪ್ಪರಕ್ಕಾಗಲಿ, ಮಠದ ಅಂಗಳಕ್ಕಾಗಲಿ, ಸ್ವಂತ ಅಡುಗೆಮನೆಗಾಗಲಿ ಬಲಭುಜ ಮುಂದೆ ಮಾಡಿಕೊಂಡೇ ನುಗ್ಗುವರು. ಮೈಮೇಲೆ ಖಾಕಿ ಕೋಟು. ಅದರ ಮೇಲಿನ ಗುಂಡಿ ಇರಲಿಲ್ಲ. ಸರಸಮ್ಮ ಮೂರು ಸಲ ಹೊಲಿದಿದ್ದಳು. ಮೂರು ಸಲವೂ ಅವರು ಕಿತ್ತು ಅವಳ ಕೈಗೇ ಕೊಟ್ಟಿದ್ದರು. ಕೊರಳಲ್ಲಿ ಲಿಂಗದ ಕರಡಿಗೆ ಇದೆ, ಅದಕ್ಕೆ ಉಸಿರು ಕಟ್ಟಬಾರದು ಎಂಬುದು ಅವರ ಹಟ.

ಅವಳು ಬಾವಿಯಿಂದ ಸೇದಿ ತಗಡಿನ ಡಬ್ಬಕ್ಕೆ ತುಂಬಿಟ್ಟಿದ್ದ ನೀರನ್ನು ಒಯ್ದು ಮೋಟಾರಿನ ಮೂತಿಗೆ ಹೊಯ್ದರು. ಡ್ರೈವರ್ ಕಲಂದರ್ ದಿನವೂ ಅವರ ಮನೆಯ ಮುಂದೆ ಗಾಡಿ ನಿಲ್ಲಿಸುತ್ತಿದ್ದದ್ದು ಆ ನೀರಿಗಾಗಿಯೇ. ಸರಸಮ್ಮನ ಬಾವಿಯ ನೀರು ಹಾಕಿದರೆ ಇಂಜಿನ್ನು ಬೇಗ ಕುದಿಯುವುದಿಲ್ಲ ಎಂದು ಸಿರಾದ ಆ ಸಾಹೇಬನ ನಂಬಿಕೆ. ಖಾಲಿ ಡಬ್ಬವನ್ನು ಮರುಳಸಿದ್ದಯ್ಯನವರು ಜಗಲಿಯ ಕಲ್ಲಿಗೆ ಎರಡು ಸಲ ಕುಟ್ಟಿ, ಹನಿ ಉದುರಿಸಿ, ಬೋರಲು ಹಾಕಿದರು.

"ಸಾಯಂಕಾಲಕ್ಕೆ ಅವರೆಕಾಳಿನ ಹುಳಿ ಮಾಡ್ಲಾ?" ಎಂದಳು ಸರಸಮ್ಮ.

"ರೈಟ್," ಎಂದರು.

ಅವರು ಅವಳಿಗೆ ಹೇಳಿದ ಕಡೆಯ ಮಾತು ಅದು. ಅದೇ ಮಾತು ಅಂದು ಮಧ್ಯಾಹ್ನ ಮಿಡಿಗೇಶಿಯ ಆಚೆಯ ಏರಿನಲ್ಲಿ ಅವರ ಪ್ರಾಣವನ್ನೂ ತೆಗೆಯಿತು. ಆ ರೈಟ್ ಯಾರಿಗೆ ಹೇಳಿದ್ದು ಎಂದು ಪೊಲೀಸಿನವರು ನಾಲ್ಕು ದಿನ ಎಲ್ಲರನ್ನೂ ಕೇಳಿದರು. ಉತ್ತರ ಇದ್ದದ್ದು ಅಲ್ಲಿ ಇರದಿದ್ದ ಸರಸಮ್ಮನ ಬಳಿ.

ಅವರಿಗೆ ಬರುತ್ತಿದ್ದ ಇಂಗ್ಲಿಷು ಅದೊಂದೇ. ಹಳೆಯ ಕಂಡಕ್ಟರು ಕೆಲಸ ಬಿಟ್ಟಾಗ ಚರ್ಮದ ಚೀಲದ ಜೊತೆಗೆ ಆ ಮಾತನ್ನೂ ಇವರಿಗೆ ದಾಟಿಸಿ ಹೋಗಿದ್ದರು. ಚೀಲ ಸವೆಯಿತು, ಮಾತು ಮಾತ್ರ ವರ್ಷವರ್ಷಕ್ಕೂ ಬೆಳೆಯಿತು. ಮೋಟಾರಿನ ತಗಡಿಗೆ ಅಂಗೈಯಿಂದ ಎರಡು ಏಟು ಹಾಕಿ ಗಂಟಲು ಬಿಗಿಹಿಡಿದು "ರೈಟ್" ಎಂದರೆ ಗಾಡಿ ಹೊರಡಬೇಕು. ಏಟಿಲ್ಲದೆ ಮೆತ್ತಗೆ ಅಂದರೆ ಪ್ರಯಾಣಿಕರ ತಕರಾರು ಕಿವಿಗೆ ಬಿದ್ದಿದೆ ಎಂದಷ್ಟೇ ಅರ್ಥ. ಅದರ ಪರಿಹಾರಕ್ಕೂ ಆ ರೈಟಿಗೂ ಏನೂ ಸಂಬಂಧವಿಲ್ಲ. ಪಾವಗಡದ ಕಡೆಯವರು ತೆಲುಗಿನಲ್ಲಿ ಬೈದರೂ ಕೊರಟಗೆರೆಯವರು ಕನ್ನಡದಲ್ಲಿ ಬೈದರೂ ಅದೇ ಒಂದು ಮಾತಿನಲ್ಲಿ ಇಬ್ಬರನ್ನೂ ಕೂರಿಸುತ್ತಿದ್ದರು. ಊಟದ ಎಲೆಯ ಮುಂದೆ ಅಂದರೆ ಉಪ್ಪು ಹದವಾಗಿದೆ. ಊಟ ಮುಗಿಸಿ ಅಂದರೆ ಇನ್ನು ಬಡಿಸಬೇಡ. ಜಗಳದ ನಡುವೆ ಟಕಾರವನ್ನು ನುಂಗಿ "ರೈ..." ಎಂದು ಎದ್ದು ಹೋದರೆ ತಾವು ಸೋತದ್ದು ತಮಗೆ ಗೊತ್ತಾಗಿದೆ ಎಂದು. ಮದುವೆಯಾದ ಹೊಸದರಲ್ಲಿ ಸರಸಮ್ಮನಿಗೆ ಇವೆಲ್ಲ ಒಂದೇ ಥರ ಕೇಳುತ್ತಿದ್ದವು. ಗೋಡೆಯ ಜೊತೆ ಸಂಸಾರ ಮಾಡಿದ ಹಾಗೆ ಎಂದು ತಾಯಿಯ ಮುಂದೆ ಅತ್ತಿದ್ದಳು.

ಮಾತಿನ ಹಾಗೆಯೇ ಏಟು. ಅವರು ಯಾವುದಕ್ಕಾದರೂ ಎರಡೇ ಏಟು ಹಾಕುವರು. ಮೊಳೆ ಎರಡು ಏಟಿಗೆ ಇಳಿಯಲಿಲ್ಲವೋ, ಆ ಗೋಡೆಗೆ ಮೊಳೆ ಬೇಕಿಲ್ಲ. ಚಪ್ಪಲಿಯ ಮಣ್ಣು ಎರಡು ಏಟಿಗೆ ಉದುರಲಿಲ್ಲವೋ, ಮಣ್ಣು ಅಲ್ಲೇ ಇರಲಿ. ಮೋಟಾರಿನ ಹಿಂಬದಿಯ ಇದ್ದಿಲ ಒಲೆ ನೋಡಿಕೊಳ್ಳುತ್ತಿದ್ದ ಬೈರಪ್ಪ ಒಮ್ಮೆ ಕಿಚಾಯಿಸಿದ: "ಅಯ್ನೋರೆ, ಎರಡೇಟು ಬೀಳ್ದೆ ನಿಮ್ ಮೋಟಾರು ಹೊರಡಾಕಿಲ್ಲ. ಮನೇಲಿ ಎರಡೇಟು ಯಾರ್ಗೆ?"

"ಬಾಗ್ಲಿಗೆ ಕಣ್ಲಾ," ಎಂದರು ಮರುಳಸಿದ್ದಯ್ಯನವರು. "ಮೂರನೇದು ಬೀಳೋ ಗಂಟ ಆಯಮ್ಮ ನನ್ನ ಕಾಯಿಸಿಲ್ಲ."

ಅದು ನಿಜ. ಎರಡನೆಯ ಏಟಿನ ಸದ್ದು ಅಡಗುವುದರೊಳಗೆ ಸರಸಮ್ಮ ಚಿಲಕ ತೆಗೆದಿರುತ್ತಿದ್ದಳು.

ರೈಟ್ ಎಂಬ ಮಾತಿನ ಆಳ ಅವಳಿಗೆ ಮೊದಲು ತಿಳಿದದ್ದು ಮದುವೆಯಾದ ನಾಲ್ಕನೆಯ ವರ್ಷ. ಹೆರಿಗೆಯಾಯಿತು, ಕೂಸು ಅಳಲಿಲ್ಲ. ಸೂಲಗಿತ್ತಿ ಹೊರಗೆ ಹೋಗಿ ಗಂಡನಿಗೆ ಸುದ್ದಿ ಹೇಳಿದ್ದು ಕೋಣೆಯಲ್ಲಿ ಮಲಗಿದ್ದವಳಿಗೆ ಕೇಳಿತು. ಗಂಡ "ರೈಟ್" ಅಂದದ್ದೂ ಕೇಳಿತು. ಇವರಿಗೆ ಎದೆಯಿದ್ದ ಜಾಗದಲ್ಲಿ ಕಲ್ಲಿದೆ ಎಂದುಕೊಂಡಳು. ಆಮೇಲೆ ಮೂರು ದಿನ ಅವರು ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಹೊಸ್ತಿಲ ಮೇಲೆ ಅಡ್ಡಲಾಗಿ ನಿಂತು, ಒಳಗೆ ಬರಲಾರದೆ, ಹೊರಗೆ ಹೋಗಲಾರದೆ, ಅವಳ ಮುಖ ನೋಡಿಕೊಂಡು ಇನ್ನೊಮ್ಮೆ ಅದೇ ಮಾತು ಆಡಿದರು. ಉಸಿರಿಗೂ ಮಾತಿಗೂ ನಡುವೆ ಎಲ್ಲೋ ಇತ್ತು ಅದು. ಅಂದಿನಿಂದ ಅವಳು ಆ ಮಾತನ್ನು ಕಿವಿಯಿಂದಷ್ಟೇ ಕೇಳುವುದನ್ನು ಬಿಟ್ಟಳು.

ಕೊರಟಗೆರೆಯ ಗಂಗಾಧರಯ್ಯ ಮೇಷ್ಟರು ಒಂದು ದಿನ ಅದೇ ಮೋಟಾರಿನಲ್ಲಿ ಬಂದರು. ದಾರಿಯುದ್ದಕ್ಕೂ ರೈಟ್ ಕೇಳಿ ಕೇಳಿ ಸಾಕಾಗಿ, ಅದರ ಅರ್ಥವಾದರೂ ಗೊತ್ತೇನಯ್ಯ ಎಂದು ಕೇಳಿ, ತಾವೇ ಬಿಡಿಸಿ ಹೇಳಿದರು. ಆ ಸಾಯಂಕಾಲ ಮರುಳಸಿದ್ದಯ್ಯನವರು ಕೋಟು ಕಳಚದೆ ಜಗಲಿಯ ಮೇಲೆ ಕೂತುಬಿಟ್ಟರು. ಕಳ್ಳತನದ ಮಾಲು ಕೈಯಲ್ಲಿ ಸಿಕ್ಕಿಬಿದ್ದವರ ಹಾಗೆ ಮುಖವಿತ್ತು.

"ಸರಸೂ, ನಾನು ಇಷ್ಟು ದಿನ ಏನೇನು ಆಡ್ಬುಟ್ಟಿದೀನಿ ಗೊತ್ತಾ? ರೈಟ್ ಅಂದ್ರೆ ಸರಿ ಅಂತೆ. ಅದು ಸೈ. ಬಲಗೈಗೂ ಅದೇ ಅಂತೆ. ಮನುಷ್ಯನಿಗೆ ನ್ಯಾಯವಾಗಿ ಸಲ್ಲಬೇಕಾದ ಹಕ್ಕೈತಲ್ಲ, ಅದಕ್ಕೂ ಅದೇ ಅಂತೆ. ಕಾಗದದ ಮೇಲೆ ಬರಿ ಅನ್ನೋಕೂ ಅಂಗೇ ಕೂಗ್ತಾರಂತೆ, ಅಕ್ಷರ ಬೇರೆಯಂತೆ ಅಷ್ಟೆ."

"ಎಲ್ಲಾ ಒಂದೇ ಮಾತಾ?"

"ಒಂದೇ. ನಾನು ಹೋಗು ಅಂತ ಮಾತ್ರ ಅಂದ್ಕಂಡಿದ್ದೆ ಕಣೆ. ಹೋಗು ಅಂತ ಅದಕ್ಕೆ ಅರ್ಥವೇ ಇಲ್ಲವಂತೆ!"

ಸರಸಮ್ಮ ಅವರ ಕೊರಳಿನ ಕರಡಿಗೆ ನೋಡಿದಳು. "ಲಿಂಗ ಕೂರೋದು ಎಡಗೈ ಮೇಲಲ್ವಾ? ಆ ಕೈಗೆ ಏನಂತಾರೆ?"

"ಕೇಳ್ದೆ. ಲೆಫ್ಟ್ ಅಂತೆ. ಬಿಟ್ಟು ಹೋದ್ರು ಅನ್ನೋಕೂ ಅದೇ ಅಂತೆ."

"ಶಿವನ್ನ ಹಿಡಿಯೋ ಕೈಗೆ ಬಿಟ್ಟೋದೋರು ಅಂತಾರಾ? ಬುದ್ಧಿ ಇಲ್ಲ ಬುಡಿ ಅವ್ರಿಗೆ."

ಅವರು ನಗಲಿಲ್ಲ. ಎರಡು ಅಂಗೈಗಳನ್ನೂ ಮುಂದೆ ಚಾಚಿ, ಮೊದಲ ಸಲ ಕಾಣುವವರಂತೆ ಒಂದೊಂದನ್ನೇ ನೋಡಿಕೊಂಡರು. ಅಂದಿನಿಂದ ಎಂಟು ದಿನ ಆ ಮಾತನ್ನು ಬಾಯಿಗೆ ತರುವಾಗ ಗರ್ಭಗುಡಿಯ ಬಾಗಿಲು ದಾಟುವವರಂತೆ ಒಂದು ಗಳಿಗೆ ತಡೆಯುತ್ತಿದ್ದರು. ಗಾಡಿ ತಡವಾಗುತ್ತದೆ ಎಂದು ಕಲಂದರ್ ರೇಗಿದ ಮೇಲೆ ಹಳೆಯ ಲಯಕ್ಕೆ ಬಂದರು.

ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ, ಮೋಟಾರುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಅದರ ಹೊಗೆಯಿಂದಲೇ ಓಡಿಸುತ್ತಿದ್ದ ಕಾಲ ಅದು. ಏರು ಬಂದರೆ ಗಾಡಿಗೆ ದಮ್ಮು ಸಾಲದು. ಜನ ಇಳಿದು ನಡೆಯಬೇಕು, ಬೈರಪ್ಪ ಒಲೆಗೆ ಗಾಳಿ ತಿರುವಬೇಕು. ಗಾಡಿ ಹಿಂದಕ್ಕೆ ಜಾರದಂತೆ ಮರುಳಸಿದ್ದಯ್ಯನವರು ಹಿಂದಿನ ಚಕ್ರಕ್ಕೆ ಜಾಲಿಮರದ ತುಂಡೊಂದನ್ನು ಕೊಡಬೇಕು. ಇಂಜಿನ್ನಿಗೆ ಕಸುವು ಬಂದ ಮೇಲೆ ಎದ್ದು ನಿಂತು ತಗಡಿಗೆ ಎರಡು ಏಟು, ಒಂದು ರೈಟ್. ಆ ಕಡೆಯ ದಿನವೂ ಗಾಡಿ ಏರಿನಲ್ಲಿ ಹಾಗೆಯೇ ನಿಂತಿತ್ತು. ಮರದ ತುಂಡು ಜರುಗಿತೆಂದು ಅವರು ಮತ್ತೆ ಬಗ್ಗಿದರು. ಅಷ್ಟರಲ್ಲಿ ಗಾಡಿ ಹೊರಟಿತು. ಮುಂದಕ್ಕೆ ಎಳೆಯುವ ಮುಂಚೆ ಒಂದು ಮೊಳ ಹಿಂದಕ್ಕೆ ಜಾರಿತು. ಅಷ್ಟು ಸಾಕಾಯಿತು.

ಮಣ್ಣಿನಲ್ಲಿ ಕೂರಿಸುವಾಗ ಎಡ ಅಂಗೈಯ ಮೇಲೆ ಲಿಂಗವಿಟ್ಟರು. ಬಲಗೈಗೆ ಬಟ್ಟೆ ಸುತ್ತಿದ್ದರು. ಸುತ್ತಿದ ಬಟ್ಟೆಯೊಳಗೆ ಕೈ ಎಷ್ಟು ಉಳಿದಿತ್ತೋ ಸರಸಮ್ಮ ಕೇಳಲಿಲ್ಲ.

ಐದನೆಯ ದಿನ ಸರಸಮ್ಮನನ್ನು ಠಾಣೆಗೆ ಬರಹೇಳಿದರು. ಗಂಡನ ಅಣ್ಣ ಶಂಕರಲಿಂಗಪ್ಪನವರು ಜೊತೆಗೆ ಬಂದರು. ಕಲಂದರ್ ಗೋಡೆಯ ಬುಡದಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಎದ್ದು ನಿಂತ.

ಇನ್‌ಸ್ಪೆಕ್ಟರು ಕಾಗದ ಮುಂದಿಟ್ಟುಕೊಂಡು ಹೇಳಿದರು: "ನೋಡಮ್ಮ, ಎರಡು ಏಟೂ ಕೇಳಿದೆ, ರೈಟೂ ಕೇಳಿದೆ, ಅದಕ್ಕೇ ಹೊರಟೆ ಅಂತಾನೆ ಡ್ರೈವರು. ನಿನ್ನ ಗಂಡ ಚಕ್ರದ ಹತ್ತಿರ ಬಗ್ಗಿದ್ದರು. ಅಲ್ಲಿಂದ ತಗಡಿಗೆ ಕೈ ನಿಲುಕುವುದಿಲ್ಲ. ಇವನು ಸುಳ್ಳು ಹೇಳುತ್ತಿದ್ದಾನೆ. ಲೈಸನ್ಸೂ ಹೋಗುತ್ತದೆ, ಜೈಲೂ ಆಗುತ್ತದೆ."

"ಖುದಾ ಆಣೆ ಅಕ್ಕಾ," ಎಂದ ಕಲಂದರ್. "ಅಯ್ನೋರ ರೈಟ್ ಇಲ್ದೆ ಹನ್ನೊಂದು ವರ್ಷದಾಗೆ ಒಂದು ಗೇಣು ಗಾಡಿ ಹೊಡ್ದಿಲ್ಲ ನಾನು."

ಗಾಡಿಯೊಳಗೇ ಉಳಿದಿದ್ದ ಪಾವಗಡದ ಮುದುಕಿಯೊಬ್ಬಳನ್ನು ಕರೆಸಿದ್ದರು. ಅವಳು ಕಿಟಕಿಯಿಂದ ತಲೆ ಹಾಕಿ, "ನಾಯನಾ, ನೇನೂ ದಿಗಾಲಾ?" ಎಂದು, ತಾನೂ ಇಳಿಯಬೇಕೇ ಎಂದು ಕೇಳಿದ್ದಳಂತೆ. ಅದಕ್ಕೆ ಕೆಳಗಿನಿಂದ ರೈಟ್ ಎಂದರಂತೆ.

ಸರಸಮ್ಮ ಕೇಳಿದಳು, "ಹೆಂಗಂದ್ರು? ಅಂದು ತೋರ್ಸಮ್ಮ."

ಮುದುಕಿ ಅಂದು ತೋರಿಸಿದಳು. ಮೆತ್ತಗಲ್ಲ, ಗಂಟಲು ಬಿಗಿಹಿಡಿದು. ಬಗ್ಗಿ ಭಾರ ತಳ್ಳುವವರ ಗಂಟಲು ಬಿಗಿದೇ ಇರುತ್ತದೆ. ಸರಸಮ್ಮ ಬಾಗಿಲ ಬಳಿ ನಿಂತಿದ್ದ ಬೈರಪ್ಪನ ಕಡೆ ತಿರುಗಿದಳು.

"ಆ ಜಾಲಿ ತುಂಡನ್ನ ಚಕ್ರದ ಕೆಳಗೆ ಹೆಂಗೆ ಕೂರಿಸ್ತಿದ್ರು?"

"ಕಲ್ಲು ತಗಂಡು ಕುಟ್ಟೋರು ಕಣಮ್ಮ."

"ಎಷ್ಟೇಟು?"

ಬೈರಪ್ಪ ಎರಡು ಬೆರಳು ಎತ್ತಿದ. ಕಲಂದರ್ ಮುಖ ಮುಚ್ಚಿಕೊಂಡ.

ಶಂಕರಲಿಂಗಪ್ಪನವರಿಗೂ ಹೊಳೆಯಿತು. ಬಗ್ಗಿ ಅವಳ ಕಿವಿಯಲ್ಲಿ ಹೇಳಿದರು: "ಸುಮ್ಕಿರು ಸರಸಿ. ತಮ್ಮನೇ ತನ್ನ ಸಾವಿಗೆ ರೈಟ್ ಕೊಟ್ಕಂಡ ಅಂತ ಬರೀತಾರೆ. ಜನ ತಲೆಮಾರುಗಂಟ ನಗ್ತಾರೆ. ಸತ್ತೋನ ತಲೆ ಮೇಲೆ ತಪ್ಪು ಹೊರಿಸ್ತೀಯಾ?"

"ತಪ್ಪಲ್ಲ ಭಾವ," ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಎರಡೇಟು ಮರಕ್ಕೆ ಹಾಕಿದ್ದು. ರೈಟ್ ಅಂದಿದ್ದು ಈಯಮ್ಮಂಗೆ, ಇಳೀರಿ ಅಂತ. ಎರಡೂ ಸೇರಿದ್ದು ಇವನ ಕಿವೀಲಿ. ನಮ್ಮ ಯಜಮಾನ್ರು ಮೊಳೆಗಾದ್ರೂ ಎರಡೇ ಏಟು ಸ್ವಾಮಿ, ಬಾಗಿಲಿಗಾದ್ರೂ ಎರಡೇ. ನಾನು ಮುಂದೆ ಕೂತಿದ್ರೆ ನಾನೂ ಗಾಡಿ ಬುಟ್ಟಿರ್ತಿದ್ದೆ."

ಇನ್‌ಸ್ಪೆಕ್ಟರು ಲೇಖನಿ ಎತ್ತಿಕೊಂಡು, "ಹೀಗೆಯೇ ಬರೆದುಕೊಳ್ಳಲೇನಮ್ಮ? ಬರೆದ ಮೇಲೆ ಅಳಿಸುವುದಕ್ಕೆ ಬರುವುದಿಲ್ಲ," ಎಂದರು.

"ರೈಟ್," ಎಂದಳು ಸರಸಮ್ಮ.

ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಸರಿ, ಬರಿ, ಕಲಂದರನಿಗೆ ಸಲ್ಲಬೇಕಾದದ್ದು ಅವನಿಗೆ ಸಲ್ಲಲಿ. ಮೇಷ್ಟರು ಹೇಳಿದ ಅಷ್ಟೂ ಒಟ್ಟಿಗೆ ಬಾಯಿ ತುಂಬಿ ಬಂದಂತಾಗಿ, ಇಷ್ಟು ಭಾರದ್ದನ್ನು ಇವರು ದಿನಕ್ಕೆ ನೂರು ಸಲ ಹೇಗೆ ಎತ್ತಿ ಇಳಿಸುತ್ತಿದ್ದರೋ ಎಂದುಕೊಂಡಳು. ಹೆಬ್ಬೆಟ್ಟು ಒತ್ತಿ ಎದ್ದು ಬಂದಳು. ಶಂಕರಲಿಂಗಪ್ಪನವರು ಮನೆಯವರೆಗೂ ಮಾತಾಡಲಿಲ್ಲ. ಆಮೇಲೂ ಬಹಳ ದಿನ ಆಡಲಿಲ್ಲ. ಕಲಂದರನನ್ನು ಬಿಟ್ಟರು.

ಒಂದೇ ಮಾತಿನ ಜನ ಎಲ್ಲ ಊರಲ್ಲೂ ಇರುತ್ತಾರೆ. ಅವರಿಗೆ ಮಾತು ಬರುವುದಿಲ್ಲ ಎಂದು ಲೋಕ ತಿಳಿಯುತ್ತದೆ. ನೂರು ಮಾತಿನವರು ನೂರು ಕಡೆ ಹಂಚುವುದನ್ನೆಲ್ಲ ಅವರು ಒಂದರಲ್ಲೇ ತುಂಬಿಡುತ್ತಾರೆ. ಬಿಚ್ಚಿ ನೋಡುವ ಕೆಲಸ ಜೊತೆಗೆ ಬಾಳುವವರದು. ಬಿಚ್ಚಿ ಮುಗಿಯುವುದರೊಳಗೆ ಅವರು ಹೊರಟಿರುತ್ತಾರೆ.

ಈಗಲೂ ಬೆಳಿಗ್ಗೆ ಸರಸಮ್ಮ ಬಾವಿಯಿಂದ ನೀರು ಸೇದಿ ಡಬ್ಬ ತುಂಬಿ ಜಗಲಿಯ ಮೇಲೆ ಇಡುತ್ತಾಳೆ. ಮೋಟಾರು ಬಂದು ನಿಲ್ಲುತ್ತದೆ. ಕಲಂದರ್ ತಾನೇ ಇಳಿದು ನೀರು ಹೊಯ್ದುಕೊಂಡು, ಖಾಲಿ ಡಬ್ಬವನ್ನು ಅವಳ ಕಾಲಬಳಿ ಇಟ್ಟು ಹೋಗಿ ಕೂರುತ್ತಾನೆ. ಹೊಸ ಕಂಡಕ್ಟರಿಗೆ ಪೀಪಿ ಕೊಟ್ಟಿದ್ದಾರೆ, ಅವನು ಊದುತ್ತಾನೆ. ಗಾಡಿ ಅಲುಗುವುದಿಲ್ಲ. ಸರಸಮ್ಮ ಡಬ್ಬ ಎತ್ತಿ, ಜಗಲಿಯ ಕಲ್ಲಿಗೆ ಎರಡು ಸಲ ಕುಟ್ಟಿ, ಹನಿ ಉದುರಿಸಿ, ಬೋರಲು ಹಾಕುತ್ತಾಳೆ.

ಆಮೇಲೆ ಮೋಟಾರು ಹೊರಡುತ್ತದೆ.