ಗೋಡೆಗೆ ಮುಖ ಮಾಡಿದ ಹಲಗೆ

ಲೊರೇನ್ ಅಪ್ಪ ಬರೆದ ಚಿತ್ರದ ಹಲಗೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಮೇಲೊಂದು ಕಂಬಳಿ ಹೊದಿಸುತ್ತಿದ್ದಾಗ ವಕೀಲೆ ಹೆಲೆನ್ ಬಾಗಿಲಲ್ಲೇ ನಿಂತು ಕೆಮ್ಮಿದಳು.

"ಲೊರೇನ್, ಇವತ್ತು ಕೇಳಬಾರದು, ಗೊತ್ತು. ಆದ್ರೆ ಸೋಮವಾರ ಜಡ್ಜು ಬರ್ತಾರೆ."

"ಗೊತ್ತಿದ್ದೂ ಯಾಕೆ ಕೇಳ್ತೀಯ?"

"ಈ ಚಿತ್ರ ಬಿಟ್ರೆ ನಮ್ಮ ಕೈಲಿ ಏನೂ ಇಲ್ಲ. ಆ ನೀರಿನ ಮಡುವಿನ ಹತ್ರ ನಿಮ್ಮ ಜನ ಇದ್ರು, ಅವರನ್ನ ಕೊಂದು ಜಾಗ ತಗೊಂಡ್ರು ಅಂತ ಹೇಳೋಕೆ ನಿಮ್ಮಪ್ಪ ಒಬ್ರಿದ್ರು. ಈಗ ಅವರೂ ಇಲ್ಲ. ಈಗ ಆ ಜಾಗ ಇಟ್ಕೊಂಡಿರೋ ಗ್ರಾಂಟ್ ಹತ್ರ ಅವನಜ್ಜ ಬರೆದ ಡೈರಿ ಇದೆ. ಜಾಗ ಖಾಲಿ ಇತ್ತು ಅಂತ ಬರೆದಿದೆ. ಜಡ್ಜು ಅದನ್ನೇ ನಂಬ್ತಾರೆ, ಜಾಗ ಅವನಿಗೇ ಹೋಗುತ್ತೆ."

"ಎರಡು ಮಳೆಗಾಲ ಕಳೀಲಿ. ಆಮೇಲೆ ತಿರುಗಿಸ್ತೀವಿ."

"ಆಗಲೇ ಎರಡು ಸಲ ಮುಂದಕ್ಕೆ ಹಾಕಿದಾರೆ. ಇನ್ನು ಕಾಯಲ್ಲ."

ಲೊರೇನ್ ನೆಲದ ಮೇಲೆ ಕೂತಳು. ಈ ತಿಂಗಳಲ್ಲಿ ಇದು ಮೂರನೆಯ ಮಣ್ಣು. ದೂರದ ನೆಂಟರೆಲ್ಲ ಬಂದು ಸೇರದೆ ಹೂಳುವಂತಿಲ್ಲವಾದ್ದರಿಂದ ಅಪ್ಪನ ದೇಹ ಐದು ವಾರ ಪಟ್ಟಣದ ಆಸ್ಪತ್ರೆಯಲ್ಲಿ ತಣ್ಣಗೆ ಮಲಗಿತ್ತು. ಅಳುವುದಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ನಮ್ಮಲ್ಲಿ ಸತ್ತವರು ಬರೆದ ಚಿತ್ರವನ್ನು ದುಃಖ ತೀರುವವರೆಗೆ ಯಾರೂ ನೋಡಬಾರದು. ಹೆಸರನ್ನೂ ಹೇಳಬಾರದು. ಹಾಗಾಗಿ ನಾನೂ ಇಲ್ಲಿ ಹೇಳುವುದಿಲ್ಲ. ಮುದುಕ ಎಂದರೆ ಸಾಕು, ಈ ಕೇರಿಯಲ್ಲಿ ಗಂಡಸರಾಗಿ ಹುಟ್ಟಿ ಎಪ್ಪತ್ತು ದಾಟಿದವರು ಬಹಳ ಜನ ಇಲ್ಲ. ಪಾಪ, ಅವನದೇ ಹೆಸರಿನ ದಾಯಾದಿ ತಮ್ಮನೊಬ್ಬನಿದ್ದಾನೆ. ಐದು ವಾರದಿಂದ ಅವನಿಗೂ ಹೆಸರಿಲ್ಲ.

"ಸತ್ತದ್ದು ಅವನು, ಹೆಸರು ಹೋದದ್ದು ನಂದು," ಎಂದು ಅವನು ಹೊರಗೆ ಕಟ್ಟಿಗೆ ಒಟ್ಟುತ್ತ ಹೆಂಗಸರಿಗೆ ಹೇಳುತ್ತಿದ್ದ. "ಪಿಂಚಣಿ ಆಫೀಸಿನವಳು ಫೋನ್ ಮಾಡಿ ನನ್ನನ್ನೇ ಕೇಳಿದ್ಲು. ಅಂಥವರು ಯಾರೂ ಇಲ್ಲ ಅಂದೆ."

ಹೆಂಗಸರು ನಕ್ಕರು. ಆಮೇಲೆ ಮತ್ತೆ ಅತ್ತರು.

* * *

ಮುದುಕ ಚಿತ್ರಗಾರನಾಗಿ ಹುಟ್ಟಿದವನಲ್ಲ. ಹನ್ನೆರಡನೇ ವಯಸ್ಸಿನಿಂದ ಗ್ರಾಂಟನ ಅಜ್ಜನ ದನ ಕಾಯ್ದ, ಆಮೇಲೆ ಗ್ರಾಂಟನ ಅಪ್ಪನ ದನ ಕಾಯ್ದ. ಹಿಟ್ಟು, ಸಕ್ಕರೆ, ಚಹಾಪುಡಿ ಕೊಟ್ಟರು, ದುಡಿದ. ಕರಿಯರಿಗೂ ಸಮನಾಗಿ ಸಂಬಳ ಕೊಡಬೇಕೆಂದು ಕಾನೂನು ಬಂದಾಗ, ಸಂಬಳದ ಬದಲು ಟ್ರಕ್ಕು ಬಂತು. ಎಲ್ಲರನ್ನೂ ನಾಯಿಗಳ ಸಮೇತ ಹೇರಿಕೊಂಡು ಬಂದು ಪಟ್ಟಣದಾಚೆ ಈ ಹೊಳೆಯ ದಂಡೆಯಲ್ಲಿ ಇಳಿಸಿ ಹೋಯಿತು. ಹತ್ತು ವರ್ಷ ಮುದುಕ ಕುಡಿದ. ಯಾಕೋ ಒಂದು ದಿನ ಬಿಟ್ಟ. ಯಾರೋ ಎಸೆದ ಬೀರುವಿನ ಬಾಗಿಲನ್ನು ಮರದ ಕೆಳಗೆ ಹಾಸಿಕೊಂಡು, ಕೆಮ್ಮಣ್ಣು, ಇದ್ದಿಲು, ಸುಣ್ಣದಂಥ ಬಿಳಿಮಣ್ಣನ್ನು ಗೋಂದಿನಲ್ಲಿ ಕಲಸಿ ಬಳಿಯತೊಡಗಿದ.

ಮರದ ಆಚೆ ಬದಿಗೆ ಅವನ ಅಕ್ಕ ಟ್ರಿಕ್ಸಿ ಕೂರುತ್ತಿದ್ದಳು, ಅವನಿಗೆ ಬೆನ್ನು ಹಾಕಿ. ದೊಡ್ಡವರಾದ ಮೇಲೆ ಅಕ್ಕ-ತಮ್ಮ ಮುಖ ಕೊಟ್ಟು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಹೇಳುವುದೆಲ್ಲ ನಡುವೆ ಕೂತ ಲೊರೇನ್‌ಗೆ. ಆಗ ಅವಳಿಗೆ ಹದಿನೈದು.

"ನಿಮ್ಮಪ್ಪಂಗೆ ಹೇಳು, ಬಿಳಿಯರ ಕುದುರೆ ಬಂದದ್ದು ಗುಡ್ಡದ ಕಡೆಯಿಂದ. ಆರು ಕುದುರೆ."

"ಅಪ್ಪ, ಆರು ಕುದುರೆ."

"ಕೇಳಿಸ್ತು," ಎನ್ನುತ್ತಿದ್ದ ಮುದುಕ.

"ಜೊಂಡು ಈ ಕಡೆ. ಅಮ್ಮ ನನ್ನನ್ನ ಅದರೊಳಗೆ ಒತ್ತಿ ಹಿಡಿದಿದ್ಲು. ಮೂಗು ಮಾತ್ರ ನೀರಿನ ಮೇಲೆ. ಅವಳು ಬಸುರಿ, ನಿಮ್ಮಪ್ಪನೇ ಹೊಟ್ಟೇಲಿ. ತಾತನ ಕೈಲೇ ಕಟ್ಟಿಗೆ ಕಡಿಸಿದ್ರು. ಅದರ ಮೇಲೇ ಸುಟ್ರು."

"ಅಪ್ಪ..."

"ಕೇಳಿಸ್ತು."

ಅವನು ಊಟಕ್ಕೆ ಎದ್ದುಹೋದಾಗ ಟ್ರಿಕ್ಸಿ ಬಂದು ನೋಡಿ, ತಪ್ಪಿದ್ದರೆ ಲೊರೇನ್‌ಗೆ ಹೇಳಿ ಹೋಗುತ್ತಿದ್ದಳು. ಈಗ ಕಂಬಳಿ ಹೊದ್ದಿರುವ ಹಲಗೆ ಆ ಬಾಗಿಲೇ; ಮುದುಕ ಅದರ ಮೇಲೆ ಒಬ್ಬ ಮನುಷ್ಯನನ್ನೂ ಬರೆಯಲಿಲ್ಲ. ಕೆಂಪು ಗುಡ್ಡ, ಕಪ್ಪು ಮಡು, ಸುತ್ತ, ಸತ್ತವರಿಗೊಂದರಂತೆ, ಬಿಳಿ ಚುಕ್ಕಿಗಳು. ಪಟ್ಟಣದವರು ನೋಡಿ ಎಷ್ಟು ಶಾಂತವಾಗಿದೆ ಅಂದರು. ಹೂಂ ಅಂದ.

ಟ್ರಿಕ್ಸಿಯದು ಒಂದೇ ಷರತ್ತು. "ಯಾರು ಹೇಳಿದ್ದು ಅಂತ ಕೇಳಿದ್ರೆ ಸತ್ತವರು ಹೇಳಿದ್ರು ಅನ್ಲಿ. ಪೊಲೀಸು ಸತ್ತವರನ್ನ ಹಿಡಿಯಲ್ಲ."

ಈ ಐದು ವಾರದಲ್ಲಿ ಲೊರೇನ್ ಒಮ್ಮೆ ಕೇಳಿ ನೋಡಿದ್ದಳು, ಅತ್ತೆ, ನೀನೇ ಜಡ್ಜಿಗೆ ಹೇಳಬಾರದಾ ಎಂದು. "ಆವತ್ತು ಅಮ್ಮ ಉಸಿರು ಬಿಡಬೇಡ ಅಂದ್ಲು," ಎಂದಿದ್ದಳು ಟ್ರಿಕ್ಸಿ. "ನಿಮ್ಮಪ್ಪ ಹುಟ್ಟಿದ ಮೇಲೆ, ಬಿಡು ಅಂತ ಹೇಳೋಕೆ ಮುಂಚೆ ಅವಳೇ ಹೋದ್ಲು." ಆಮೇಲೆ ಲೊರೇನ್ ಕೇಳಲಿಲ್ಲ.

* * *

ಮಣ್ಣು ಮಾಡಿ ಬಂದು ಅಂಗಳದಲ್ಲಿ ಎಲ್ಲರೂ ಚಹಾಕ್ಕೆ ಕೂತರು. ಕೆಂಡದಲ್ಲಿ ಬೇಯಿಸಿದ ರೊಟ್ಟಿ, ಉಪ್ಪು ಹಾಕಿದ ದನದ ಮಾಂಸ. ಟ್ರಿಕ್ಸಿ ದುಃಖದ ಬಿಳಿಮಣ್ಣನ್ನು ಮುಖಕ್ಕೂ ತಲೆಗೂ ಬಳಿದುಕೊಂಡು ಕುರ್ಚಿಯಲ್ಲಿದ್ದಳು. ಆಗ ಗ್ರಾಂಟ್ ಬಂದ. ದೊಡ್ಡ ಜೀಪನ್ನು ಅಂಗಳದೊಳಗೇ ತಂದು ನಿಲ್ಲಿಸಿ, ಟೋಪಿ ಕೈಯಲ್ಲಿ ಹಿಡಿದು ಇಳಿದ. ಕಣ್ಣು ಕೆಂಪಾಗಿತ್ತು. ಅದು ನಾಟಕವಲ್ಲ.

"ನನಗೆ ಕುದುರೆ ಹತ್ತೋದು ಕಲಿಸಿದ್ದೇ ಅವರು," ಎಂದು ಹೆಸರು ಹೇಳಲು ಬಾಯಿ ತೆರೆದ.

"ಬೇಡ ಮಾರಾಯ," ಎಂದ ಹೆಸರಿಲ್ಲದವನು. "ಅದು ನಂಗೂ ತಾಗುತ್ತೆ."

ಗ್ರಾಂಟ್ ತಲೆ ತಗ್ಗಿಸಿದ. ಆಮೇಲೆ ಲೊರೇನ್ ಹತ್ತಿರ ಬಂದು, "ಸೋಮವಾರ ಏನೇ ಆಗ್ಲಿ, ನಮ್ಮಲ್ಲಿ ಮನಸ್ತಾಪ ಬೇಡ. ಅಲ್ಲಿ ಯಾರೂ ಇರಲಿಲ್ಲ ಅಂತ ಅಜ್ಜ ಬರೆದಿದ್ದಾರೆ. ಅವರು ಸುಳ್ಳು ಬರೆಯೋರಲ್ಲ," ಎಂದ.

ಲೊರೇನ್ ಲೋಟ ಕೆಳಗಿಟ್ಟಳು. "ಹೆಲೆನ್, ಬಾ. ಹಲಗೆ ತಗೊಂಡು ಹೋಗು. ಪಾಪ ಬಂದ್ರೆ ನನಗೇ ಬರ್ಲಿ. ಸಾಕಾಗಿದೆ ನಂಗೆ."

"ಕೂತ್ಕೊ," ಎಂದಳು ಟ್ರಿಕ್ಸಿ.

"ಬೇರೆ ದಾರಿ ಇಲ್ಲ, ಅತ್ತೆ."

"ಅವನ ಕೆಲಸ ಮುಟ್ಟಬೇಡ. ಈಗಷ್ಟೇ ಮಲಗಿದಾನೆ."

ಎಂಬತ್ತರ ಮುದುಕಿ ಕುರ್ಚಿಯಿಂದ ಜಾರಿ, ಮಂಡಿಯೂರಿ ನೆಲಕ್ಕೆ ಕೂತಳು. ಕೆಂಪು ಧೂಳನ್ನು ಅಂಗೈಯಿಂದ ಸಮ ಮಾಡಿ, ಬೆರಳಿನಿಂದ ದೊಡ್ಡದೊಂದು ಸುತ್ತು ಎಳೆದಳು.

"ಇದು ನೀರು," ಎಂದಳು. ಗ್ರಾಂಟನನ್ನು ನೋಡಿಯೇ ಹೇಳಿದಳು. "ಇದು ಜೊಂಡು. ಜೊಂಡಿನಲ್ಲಿ ನಾನು."

ಲೊರೇನ್ ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ, "ಅಪ್ಪ," ಎಂದಳು. ಅಲ್ಲಿ ಯಾರೂ ಇರಲಿಲ್ಲ. ಅವಳಿಗೆ ಆಗ ಅಳು ಬಂತು, ಐದು ವಾರದ್ದೆಲ್ಲ ಒಟ್ಟಿಗೆ.

ಹೆಲೆನ್ ಪುಸ್ತಕ ಹುಡುಕುತ್ತಿದ್ದಳು. "ಬರ್ಕೊ," ಎಂದಳು ಟ್ರಿಕ್ಸಿ. "ಸೋಮವಾರ ಇನ್ನೊಂದು ಸಲ ಹೇಳ್ತೀನಿ. ಇಲ್ಲಿ ತಾತ. ಇಲ್ಲಿ ಚಿಕ್ಕಮ್ಮ, ಅವಳ ಇಬ್ಬರು ಮಕ್ಕಳು. ಇಲ್ಲಿ ಕಟ್ಟಿಗೆ." ಒಬ್ಬೊಬ್ಬರಿಗೆ ಒಂದೊಂದು ಸುತ್ತು. ಜನ ಲೋಟ ಎತ್ತಿಕೊಂಡು, ಕುರ್ಚಿ ಮಡಚಿ, ಜಾಗ ಬಿಟ್ಟು ಹಿಂದೆ ಹಿಂದೆ ಸರಿದರು. ಅವಳು ತೆವಳುತ್ತ ಹೊಳೆಯ ಗೆರೆ ಎಳೆದಳು. ಗೆರೆ ಹೋಗಿ ಜೀಪಿನ ಮುಂದಿನ ಚಕ್ರಕ್ಕೆ ತಾಗಿ ನಿಂತಿತು.

"ಇನ್ನೂ ಜನ ಇದಾರೆ. ಗಾಡಿ ತೆಗಿ."

ಗ್ರಾಂಟ್ ಸುತ್ತ ನೋಡಿದ. ಹತ್ತಿ ಕೂತು ಗಾಡಿಯನ್ನು ಹಿಂದಕ್ಕೆ ತೆಗೆದ.

"ಸಾಲಲ್ಲ. ಇನ್ನೂ ಹಿಂದೆ."

ಅವನು ಬೇಲಿ ದಾಟಿ ರಸ್ತೆಯವರೆಗೆ ಹಿಂದಕ್ಕೆ ಹೋದ. ಟ್ರಿಕ್ಸಿ ಟೈರಿನ ಗುರುತನ್ನು ಅಂಗೈಯಿಂದ ಒರೆಸಿ, ಅಲ್ಲಿ ಇನ್ನೊಂದು ಸುತ್ತು ಎಳೆದಳು.